ಇಲ್ಲದ ತವರ, ಸಾಲದ ಗೋಧಿ: ಗ್ರೀಕರನ್ನು ಕಡಲಿಗಿಳಿಸಿದ ಕೊರತೆಗಳು

1982ರಲ್ಲಿ ಟರ್ಕಿಯ ದಕ್ಷಿಣ ಕರಾವಳಿಯ ಕಾಶ್ ಪಟ್ಟಣದ ಬಳಿ ಸ್ಪಂಜು ತೆಗೆಯಲು ಕಡಲಿಗೆ ಮುಳುಗಿದ್ದ ಯುವಕನೊಬ್ಬ ಮೇಲೆ ಬಂದು, ತಳದಲ್ಲಿ ಕಿವಿಗಳಿರುವ ಲೋಹದ ಬಿಸ್ಕತ್ತುಗಳು ಬಿದ್ದಿವೆ ಎಂದು ಹೇಳಿದ. ಪುರಾತತ್ತ್ವಜ್ಞರಿಗೆ ಆ ವರ್ಣನೆಯೇ ಸಾಕಾಯಿತು. ನಾಲ್ಕು ಮೂಲೆಗಳಲ್ಲಿ ಹಿಡಿಕೆಯಂತೆ ಚಾಚಿಕೊಂಡ ತಾಮ್ರದ ಗಟ್ಟಿಗಳು ಕಂಚಿನ ಯುಗದ ಸರಕು ಎಂಬುದು ಅವರಿಗೆ ಗೊತ್ತಿತ್ತು. ಜಾರ್ಜ್ ಬಾಸ್ ಮತ್ತು ಜೆಮಾಲ್ ಪುಲಾಕ್ ಅವರ ತಂಡ 1984ರಿಂದ 1994ರವರೆಗೆ 22,000ಕ್ಕೂ ಹೆಚ್ಚು ಬಾರಿ ಮುಳುಗೆದ್ದು ಆ ಹಡಗಿನಲ್ಲಿದ್ದದ್ದನ್ನು ಒಂದೊಂದಾಗಿ ಹೊರತೆಗೆಯಿತು. ಉಲುಬುರುನ್ ಹಡಗು ಎಂದು ಇಂದು ಹೆಸರಾಗಿರುವ ಅದು ಮುಳುಗಿದ್ದು ಕ್ರಿ.ಪೂ. 14ನೇ ಶತಮಾನದ ಕೊನೆಯ ಹೊತ್ತಿಗೆ.

ಅದರ ಹೊಟ್ಟೆಯಲ್ಲಿ ಸುಮಾರು 10 ಟನ್ ತಾಮ್ರವಿತ್ತು. ಹೆಚ್ಚಿನದು ಸೈಪ್ರಸ್ ದ್ವೀಪದ್ದು. ಜೊತೆಗೆ ಸುಮಾರು 1 ಟನ್ ತವರ. ಹತ್ತಕ್ಕೆ ಒಂದು, ಕಂಚು ಎರಕ ಹೊಯ್ಯಲು ಬೇಕಾದ ಅಳತೆಗೆ ಸರಿಯಾಗಿ. ಕೋಬಾಲ್ಟ್ ನೀಲಿಯ ಗಾಜಿನ ಗಟ್ಟಿಗಳು, ಆಫ್ರಿಕಾದ ಕರಿಮರದ ತುಂಡುಗಳು, ಆನೆಯ ದಂತ, ನೀರಾನೆಯ ಹಲ್ಲು, ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪು, ಉತ್ತರದ ಬಾಲ್ಟಿಕ್ ಕಡೆಯಿಂದ ಬಂದ ಅಂಬರಿನ ಮಣಿಗಳು, ರಾಳ ತುಂಬಿದ ಜಾಡಿಗಳು, ಈಜಿಪ್ಟಿನ ರಾಣಿ ನೆಫರ್ಟಿಟಿಯ ಹೆಸರು ಕೆತ್ತಿದ ಒಂದು ಚಿನ್ನದ ಮುದ್ರೆ. ಮೇಣ ಹಚ್ಚಿ ಬರೆಯಲು, ಬರೆದು ಮಡಿಸಿಡಲು ಬಳಸುತ್ತಿದ್ದ ಮರದ ಹಲಗೆಯೂ ಸಿಕ್ಕಿತು. ಹಡಗು ಪಶ್ಚಿಮಕ್ಕೆ, ಬಹುಶಃ ಏಜಿಯನ್ ಕಡಲಿನ ಯಾವುದೋ ಅರಮನೆಗೆ ಹೊರಟಿತ್ತು ಎಂದು ಉತ್ಖನನ ಮಾಡಿದವರು ಭಾವಿಸುತ್ತಾರೆ.

ಆರಂಭಕಾಲದ ಗ್ರೀಸ್ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಪಾರ್ಥೆನಾನ್ ದೇಗುಲವನ್ನಾಗಲಿ ಅಮೃತಶಿಲೆಯ ಪ್ರತಿಮೆಗಳನ್ನಾಗಲಿ ತೋರಿಸುವುದಿಲ್ಲ. ಈ ಸರಕಿನ ಪಟ್ಟಿಯನ್ನು ಓದಿ ಹೇಳುತ್ತೇನೆ. ಕಂಚಿನ ಯುಗದಲ್ಲಿ ಕಂಚಿಲ್ಲದೆ ಕೊಡಲಿ ಇಲ್ಲ, ಕತ್ತಿ ಇಲ್ಲ, ಅರಸೊತ್ತಿಗೆಯೂ ಇಲ್ಲ. ಆದರೆ ಗ್ರೀಸಿನ ನೆಲದಲ್ಲಿ ತವರವೇ ಇಲ್ಲ. ಹೊರಗಿನಿಂದ ಯಾರೋ ತಂದುಕೊಡುವ ಲೋಹದ ಮೇಲೆ, ಆ ಕಾಲದ ಗ್ರೀಸನ್ನು ಆಳಿದ ಮೈಸಿನಿಯ ಅರಸರ ವೈಭವವೆಲ್ಲ ನಿಂತಿತ್ತು. ಗ್ರೀಕ್ ನಾಗರಿಕತೆಯನ್ನು ಓದುತ್ತ ಹೋದಷ್ಟೂ ನನಗೆ ಕಾಣುವುದು ಇದೇ: ಆ ಜನರನ್ನು ರೂಪಿಸಿದ್ದರಲ್ಲಿ ಅವರಲ್ಲಿ ಇದ್ದುದಕ್ಕಿಂತ ಇಲ್ಲದ್ದರ ಪಾಲು ದೊಡ್ಡದು. ತವರ ಇರಲಿಲ್ಲ, ಗೋಧಿ ಸಾಲುತ್ತಿರಲಿಲ್ಲ, ಒಂದು ಕಾಲದಲ್ಲಿ ಲಿಪಿಯೂ ಇರಲಿಲ್ಲ, ಅಥೆನ್ಸಿಗೆ ಹಡಗು ಕಟ್ಟುವ ಮರವೂ ಕಡಿಮೆ. ಒಂದೊಂದು ಕೊರತೆಯೂ ಅವರನ್ನು ಒಂದೊಂದು ಬಂದರಿಗೆ ಕರೆದೊಯ್ದಿತು.

ಆ ನೆಲವನ್ನು ಭೂಪಟದಲ್ಲಿ ಸುಮ್ಮನೆ ನೋಡಿದರೂ ಇದು ತಿಳಿಯುತ್ತದೆ. ಗ್ರೀಸಿನ ಮುಕ್ಕಾಲು ಭಾಗಕ್ಕೂ ಮಿಕ್ಕಿ ಗುಡ್ಡಬೆಟ್ಟ. ಉತ್ತರದಿಂದ ದಕ್ಷಿಣಕ್ಕೆ ಪಿಂಡಸ್ ಶ್ರೇಣಿ ಬೆನ್ನೆಲುಬಿನಂತೆ ಹರಿದಿದೆ. ಅದರ ಕವಲುಗಳ ನಡುವೆ ಒಂದಿಷ್ಟು ಬಯಲು, ಅದರಾಚೆ ಮತ್ತೆ ಬೆಟ್ಟ. ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಹೆಚ್ಚಿನ ಹೊಳೆಗಳು ಕಲ್ಲುಹಾಸಾಗಿ ಉಳಿಯುತ್ತವೆ. ಅಥೆನ್ಸಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 400 ಮಿಲಿಮೀಟರ್, ಅದೂ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರದು. ಅಷ್ಟು ನೀರಿಗೆ ಬಾರ್ಲಿ ಹೇಗೋ ಬರುತ್ತದೆ. ಗೋಧಿ ಮತ್ತೆ ಮತ್ತೆ ಕೈಕೊಡುತ್ತದೆ. ಕಲ್ಲುನೆಲದಲ್ಲಿ ಚೆನ್ನಾಗಿ ಬರುವುದು ಆಲಿವ್ ಮತ್ತು ದ್ರಾಕ್ಷಿ. ಎಣ್ಣೆ, ಮದ್ಯ ಎರಡೂ ಬೆಲೆಬಾಳುವ ವಸ್ತುಗಳೇ. ಆದರೆ ಅವುಗಳಿಂದ ಹೊಟ್ಟೆ ತುಂಬುವುದಿಲ್ಲ. ಅವನ್ನು ಮಾರಿ ಕಾಳು ತರಬೇಕು.

ಪರ್ವತಗಳು ಗ್ರೀಕರನ್ನು ಬೇರ್ಪಡಿಸಿದವು, ಸಮುದ್ರ ಅವರನ್ನು ಒಂದುಗೂಡಿಸಿತು ಎಂಬ ವಾಕ್ಯವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಮೊದಲರ್ಧ ಬಹುಮಟ್ಟಿಗೆ ನಿಜ. ಸಾವಿರಕ್ಕೂ ಹೆಚ್ಚು ನಗರರಾಜ್ಯಗಳು ಆ ಕಣಿವೆಗಳಲ್ಲಿ, ದ್ವೀಪಗಳಲ್ಲಿ, ದೂರದ ತೀರಗಳಲ್ಲಿ ಆಗಿಹೋದವು. ಎರಡನೆಯ ಅರ್ಧ ನನ್ನನ್ನು ಕಾಡುತ್ತದೆ. ಸಮುದ್ರ ತಾನಾಗಿ ಯಾರನ್ನೂ ಒಂದುಗೂಡಿಸುವುದಿಲ್ಲ. ಹುಟ್ಟು ಹಾಕಿದವರು, ಸಾಲ ಕೊಟ್ಟವರು, ದಡದಲ್ಲಿ ಕಾದವರು, ಮುಳುಗಿದವರು ಸೇರಿ ಮಾಡಿದ ಕೆಲಸ ಅದು. ಆ ವಾಕ್ಯದಲ್ಲಿ ಇವರು ಯಾರೂ ಇಲ್ಲ.

ಈ ಕೆಲಸ ಶುರುವಾದದ್ದು ನಾವು ಊಹಿಸುವುದಕ್ಕಿಂತ ಬಹಳ ಮೊದಲು. ಗ್ರೀಸಿನ ದಕ್ಷಿಣದ ಪರ್ಯಾಯದ್ವೀಪವಾದ ಪೆಲೊಪೊನೀಸಿನ ಫ್ರಾಂಕ್ತಿ ಎಂಬ ಗುಹೆಯಲ್ಲಿ ಸುಮಾರು 13,000 ವರ್ಷಗಳಷ್ಟು ಹಳೆಯ ಪದರಗಳಲ್ಲಿ ಆಬ್ಸಿಡಿಯನ್ ಎಂಬ ಕಪ್ಪು ಜ್ವಾಲಾಮುಖಿ ಗಾಜಿನ ಚೂರುಗಳು ಸಿಕ್ಕಿವೆ. ಕ್ಷೌರದ ಕತ್ತಿಯಷ್ಟು ಹರಿತವಾಗುವ ಈ ಕಲ್ಲು ಬಂದದ್ದು ಮೆಲೋಸ್ ದ್ವೀಪದಿಂದ. ಸಮುದ್ರ ದಾಟದೆ ಅದನ್ನು ತರಲು ದಾರಿಯಿಲ್ಲ. ಗ್ರೀಸಿಗೆ ಬೇಸಾಯ ಬರುವುದು ಕ್ರಿ.ಪೂ. 7000ದ ಸುಮಾರಿಗೆ. ಅಂದರೆ ಅಲ್ಲಿಯ ಮನುಷ್ಯ ಉಳಲು ಕಲಿಯುವುದಕ್ಕೆ ಸಾವಿರಾರು ವರ್ಷ ಮೊದಲೇ ಕಡಲು ದಾಟಲು ಕಲಿತಿದ್ದ. ಏಜಿಯನ್ ಕಡಲಿನ ಗುಣವೂ ಇದಕ್ಕೆ ನೆರವಾಯಿತು: ಒಂದು ದ್ವೀಪದ ಬೆಟ್ಟ ಮರೆಯಾಗುವ ಮೊದಲು ಇನ್ನೊಂದರ ನೆತ್ತಿ ಕಾಣತೊಡಗುತ್ತದೆ.

ಕ್ರೀಟಿನ ಅರಮನೆಗಳನ್ನು ಇಲ್ಲಿ ಬೇಗ ದಾಟಿ ಹೋಗುತ್ತೇನೆ, ಅವುಗಳ ಕುರಿತು ಬರೆದವರು ಬೇಕಾದಷ್ಟಿದ್ದಾರೆ. ನನ್ನ ಗಮನ ಹೋಗುವುದು ಮೈಸಿನಿಯ ಕಾಲದ ಅರಮನೆಯಿದ್ದ ಪೈಲೋಸಿನ ಮಣ್ಣಿನ ಫಲಕಗಳ ಕಡೆಗೆ. ಮೈಕೆಲ್ ವೆಂಟ್ರಿಸ್ 1952ರಲ್ಲಿ ಅವುಗಳ ಮೇಲಿನ ಲಿನಿಯರ್ ಬಿ ಎಂಬ ಲಿಪಿಯನ್ನು ಬಿಡಿಸಿ ಅದು ಗ್ರೀಕ್ ಭಾಷೆಯೇ ಎಂದು ತೋರಿಸಿದಾಗ ಅವುಗಳಲ್ಲಿ ಕಾವ್ಯ ಸಿಗಲಿಲ್ಲ, ದೇವರ ಕಥೆಗಳೂ ಸಿಗಲಿಲ್ಲ. ಸಿಕ್ಕಿದ್ದು ಲೆಕ್ಕಪತ್ರ. ಒಂದು ಫಲಕ ಪ್ಲ್ಯೂರಾನ್ ಎಂಬಲ್ಲಿಗೆ ಹೊರಡಬೇಕಾದ ಹುಟ್ಟು ಹಾಕುವವರನ್ನು ಊರುವಾರು ಎಣಿಸುತ್ತದೆ: ಒಟ್ಟು 30 ಜನ. ಇನ್ನು ಕೆಲವು ಫಲಕಗಳು ನೂಲುವ, ನೇಯುವ ಹೆಂಗಸರಿಗೆ ಕೊಟ್ಟ ಪಡಿಯ ಲೆಕ್ಕ. ಅವರನ್ನು ಗುರುತಿಸಿರುವುದು ಅವರ ಊರಿನಿಂದ: ಮಿಲೆಟಸ್, ನೈಡಸ್, ಲೆಮ್ನೋಸ್. ಎಲ್ಲವೂ ಏಜಿಯನ್ನಿನ ಆಚೆ ದಡದ, ನಡುಗಡಲಿನ ಹೆಸರುಗಳು. ಇವರು ಸೆರೆಯಾಗಿ ಬಂದವರು ಅಥವಾ ಕೊಂಡು ತಂದವರು ಎಂದು ವಿದ್ವಾಂಸರಲ್ಲಿ ಬಹುಪಾಲು ಜನ ಹೇಳುತ್ತಾರೆ. ಅವರ ಮಕ್ಕಳಿಗೂ ಪಡಿ ಕೊಟ್ಟ ದಾಖಲೆ ಇದೆ. ಗ್ರೀಕ್ ಭಾಷೆಯ ಅತ್ಯಂತ ಹಳೆಯ ಬರಹಗಳಲ್ಲೇ ಕಡಲಿನ ಈ ಮುಖವೂ ಇದೆ. ವ್ಯಾಪಾರದ ಹೊಗಳಿಕೆಯಲ್ಲಿ ಅದನ್ನು ಬಿಟ್ಟು ಹೋಗಲು ನನ್ನಿಂದಾಗದು.

ಕ್ರಿ.ಪೂ. 1200ರ ಸುಮಾರಿಗೆ ಅರಮನೆಗಳು ಸುಟ್ಟುಹೋದವು. ಕಾರಣಗಳ ಬಗ್ಗೆ ಇಂದಿಗೂ ವಾದವಿದೆ. ಪರಿಣಾಮ ಮಾತ್ರ ಸ್ಪಷ್ಟ. ಲೆಕ್ಕ ಬರೆಸುವ ಅರಮನೆ ಹೋದ ಮೇಲೆ ಲೆಕ್ಕ ಬರೆಯುವ ಲಿಪಿಯೂ ಹೋಯಿತು. ಮುನ್ನೂರು ನಾನ್ನೂರು ವರ್ಷ ಗ್ರೀಕರು ಬರೆಯಲೇ ಇಲ್ಲ. ಊರುಗಳು ಕುಗ್ಗಿದವು. ಈ ಕಾಲವನ್ನು ಕತ್ತಲೆಯ ಯುಗ ಎಂದು ಕರೆಯುವ ರೂಢಿಯಿತ್ತು. ಆದರೆ ಯೂಬಿಯಾ ದ್ವೀಪದ ಲೆಫ್ಕಂಡಿಯಲ್ಲಿ 1980ರ ದಶಕದ ಆರಂಭದಲ್ಲಿ ಅಗೆದಾಗ ಕ್ರಿ.ಪೂ. 950ರ ಸುಮಾರಿನ, 50 ಮೀಟರ್‌ನಷ್ಟು ಉದ್ದದ ಕಟ್ಟಡವೊಂದು ಹೊರಬಂತು. ಅದರೊಳಗೆ ಒಬ್ಬ ಪುರುಷನ ಚಿತಾಭಸ್ಮ ಸೈಪ್ರಸಿನ ಕಂಚಿನ ಕೊಡದಲ್ಲಿತ್ತು. ಪಕ್ಕದಲ್ಲಿ ಹೂಳಿದ್ದ ಹೆಂಗಸಿನ ಕೊರಳಲ್ಲಿ ಬ್ಯಾಬಿಲೋನಿಯಾದ ಚಿನ್ನದ ಪದಕ. ಅದು ಆಕೆಯ ಕಾಲಕ್ಕೇ ನೂರಾರು ವರ್ಷ ಹಳೆಯದು. ನಾಲ್ಕು ಕುದುರೆಗಳೂ ಜೊತೆಗೆ. ಅಂದರೆ ಗ್ರೀಸ್ ಬರೆಯುವುದನ್ನು ಮರೆತಿದ್ದಾಗಲೂ ಯೂಬಿಯಾದ ಜನ ಹಡಗು ಬಿಡುವುದನ್ನು ಮರೆತಿರಲಿಲ್ಲ.

ಲಿಪಿ ಮರಳಿ ಬಂದದ್ದು ಈ ದಾರಿಯಿಂದಲೇ. ಇಂದಿನ ಲೆಬನಾನಿನ ತೀರದ ಫಿನೀಷಿಯನ್ನರು ಇಪ್ಪತ್ತೆರಡು ಅಕ್ಷರಗಳಲ್ಲಿ ತಮ್ಮ ಭಾಷೆಯನ್ನು ಬರೆಯುತ್ತಿದ್ದರು; ಎಲ್ಲವೂ ವ್ಯಂಜನ. ಕ್ರಿ.ಪೂ. 800ರ ಆಸುಪಾಸಿನಲ್ಲಿ ಗ್ರೀಕರು ಅದನ್ನು ತೆಗೆದುಕೊಂಡು, ತಮ್ಮ ಬಾಯಲ್ಲಿ ಬಾರದ ಕೆಲವು ವ್ಯಂಜನಗಳ ಗುರುತುಗಳನ್ನು ಸ್ವರಗಳಿಗೆ ಹಚ್ಚಿದರು. ಇದನ್ನು ಮಾಡಿದವರು ಯಾರು? ಎರಡು ಭಾಷೆಗಳ ಜನ ಒಂದೇ ಜಗಲಿಯಲ್ಲಿ ಕುಳಿತು ಸರಕು ಎಣಿಸುವಂಥ ಯಾವುದೋ ಬಂದರಿನಲ್ಲಿ ಇದು ಆಗಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಇಟಲಿಯ ನೇಪಲ್ಸ್ ಕೊಲ್ಲಿಯ ಇಸ್ಕಿಯಾ ದ್ವೀಪದಲ್ಲಿ, ಗ್ರೀಕರು ಪಿಥೆಕೂಸೈ ಎಂದು ಕರೆದಲ್ಲಿ, ಯೂಬಿಯಾದವರು ಎಂಟನೇ ಶತಮಾನದಲ್ಲಿ ನೆಲೆಯೂರಿದ್ದರು. ಅವರನ್ನು ಅಷ್ಟು ದೂರ ಎಳೆದದ್ದರಲ್ಲಿ ಕಬ್ಬಿಣದ ಪಾಲಿತ್ತು. ಎಲ್ಬಾ ದ್ವೀಪದ ಅದಿರು ಅಲ್ಲಿ ದೊರೆತಿದೆ. ಫಿನೀಷಿಯನ್ನರೂ ಅಲ್ಲೇ ವಾಸವಿದ್ದ ಗುರುತುಗಳಿವೆ. ಅಲ್ಲಿಯ ಒಂದು ಸಮಾಧಿಯಲ್ಲಿ 1954ರಲ್ಲಿ ಸಿಕ್ಕ ಮಣ್ಣಿನ ಬಟ್ಟಲಿನ ಮೇಲೆ ಮೂರು ಸಾಲುಗಳಿವೆ. ಕುಡಿಯಲು ಹಿತವಾದ ನೆಸ್ಟರನ (ಹೋಮರನ ಕಾವ್ಯದಲ್ಲಿ ಬರುವ ಅರಸ) ಬಟ್ಟಲು ಎಂದು ಹೇಳಿಕೊಂಡು, ಇದರಲ್ಲಿ ಕುಡಿದವನನ್ನು ಪ್ರೇಮದೇವತೆ ಅಫ್ರೊಡೈಟಿಯ ಬಯಕೆ ಹಿಡಿಯುತ್ತದೆ ಎನ್ನುತ್ತದೆ ಬರಹ. ಅದರಲ್ಲಿ ಎರಡು ಸಾಲು ಹೋಮರನ ಛಂದಸ್ಸಿನಲ್ಲೇ ಇದೆ. ಬಟ್ಟಲು ಪೂರ್ವ ಗ್ರೀಸಿನದು, ಅಕ್ಷರ ಫಿನೀಷಿಯಾದಿಂದ ಬಂದದ್ದು, ದೊರೆತ ಊರು ಇಟಲಿಯದು. ಲಿಪಿ ಕಲಿತು ಹೆಚ್ಚು ಕಾಲವಾಗಿರದ ಜನ ಅದರಲ್ಲಿ ಮೊದಮೊದಲು ಬರೆದವುಗಳಲ್ಲಿ ಪದ್ಯವೂ ಇತ್ತೆಂಬುದು ನನಗೆ ಎಷ್ಟು ಸಲ ನೆನೆದರೂ ಸಂತೋಷ ಕೊಡುತ್ತದೆ.

ಹಾಗೆಂದು ಆ ಜನ ಕಡಲನ್ನು ಪ್ರೀತಿಸುತ್ತಿದ್ದರು ಎಂದುಕೊಳ್ಳಬಾರದು. ಬೊಯೋಷಿಯಾದ ರೈತ ಕವಿ ಹೆಸಿಯಡನನ್ನು ಕೇಳಿದರೆ ಗೊತ್ತಾಗುತ್ತದೆ. ಅವನ ತಂದೆ ಕಡಲಾಚೆಯ ಕೈಮೆ ಎಂಬ ಊರಲ್ಲಿ ಹಡಗು ವ್ಯಾಪಾರದಿಂದ ಬದುಕಲಾರದೆ, ಬಡತನಕ್ಕೆ ಹೆದರಿ ಅಸ್ಕ್ರಾ ಎಂಬ ಹಳ್ಳಿಗೆ ಬಂದವನು. ಚಳಿಗಾಲದಲ್ಲಿ ಕೆಟ್ಟದ್ದು, ಬೇಸಿಗೆಯಲ್ಲಿ ಕಷ್ಟದ್ದು, ಯಾವಾಗಲೂ ಒಳ್ಳೆಯದಲ್ಲದ್ದು ಎಂದು ಮಗ ಆ ಹಳ್ಳಿಯನ್ನು ಬೈಯುತ್ತಾನೆ. ಸ್ವತಃ ಹೆಸಿಯಡ್ ಹಡಗು ಹತ್ತಿದ್ದು ಆಲಿಸ್‌ನಿಂದ ಯೂಬಿಯಾಕ್ಕೆ, ಕಿರಿದಾದ ಒಂದು ಜಲಸಂಧಿಯನ್ನು ದಾಟಲು. ಆದರೂ ಅವನು ತಮ್ಮನಿಗೆ ಕಡಲಿನ ಪಾಠ ಹೇಳುತ್ತಾನೆ. ಬೇಸಿಗೆಯ ಅಯನ ಕಳೆದ ಐವತ್ತು ದಿನ ಹಡಗು ಬಿಡಲು ಒಳ್ಳೆಯ ಕಾಲ. ವಸಂತದಲ್ಲೂ ಒಂದು ಅವಕಾಶವಿದೆ: ಅಂಜೂರದ ತುದಿಯಲ್ಲಿ ಕಾಗೆಯ ಹೆಜ್ಜೆಯಷ್ಟು ಎಲೆ ಚಿಗುರಿದಾಗ. ಅದನ್ನು ತಾನು ಮೆಚ್ಚುವುದಿಲ್ಲ, ಅಲೆಗಳ ನಡುವೆ ಸಾಯುವುದು ಘೋರ ಎನ್ನುತ್ತಾನೆ. ಇದ್ದುದೆಲ್ಲವನ್ನೂ ಹಡಗಿಗೆ ಹಾಕಬೇಡ, ಹೆಚ್ಚಿನದನ್ನು ಮನೆಯಲ್ಲಿಡು ಎಂಬ ಮಾತೂ ಇದೆ. ಚಳಿಗಾಲದ ತಿಂಗಳುಗಳಲ್ಲಿ ಹಡಗುಗಳು ದಡಕ್ಕೆ ಎಳೆಯಲ್ಪಟ್ಟು ಕಾಯುತ್ತಿದ್ದವು. ಮಳೆಗಾಲ ಕಳೆದು ನೂಲ ಹುಣ್ಣಿಮೆಯಲ್ಲಿ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಕಡಲಿಗಿಳಿಯುವ ನಮ್ಮ ಕರಾವಳಿಯ ಮೀನುಗಾರರಿಗೆ ಹೆಸಿಯಡನ ಮಾತು ವಿವರಣೆಯಿಲ್ಲದೆ ಅರ್ಥವಾದೀತು.

ಇಷ್ಟು ಭಯವಿದ್ದರೂ ಹೋದರು. ಯಾಕೆ ಹೋದರು ಎಂಬುದಕ್ಕೆ ಥೇರಾ ದ್ವೀಪದ ಕಥೆಗಿಂತ ನೇರವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಪ್ರಕಾರ ಅಲ್ಲಿ ಏಳು ವರ್ಷ ಮಳೆಯಾಗಲಿಲ್ಲ. ಒಂದನ್ನು ಬಿಟ್ಟು ದ್ವೀಪದ ಮರಗಳೆಲ್ಲ ಒಣಗಿದವು. ಆಫ್ರಿಕಾದ ಲಿಬಿಯಾ ತೀರದಲ್ಲಿ ಊರು ಕಟ್ಟಿ ಎಂದು ಡೆಲ್ಫಿಯ ದೈವವಾಣಿ ಹೇಳಿತ್ತು. ಸಹೋದರರಿರುವ ಮನೆಗಳಿಂದ ಚೀಟಿ ಎತ್ತಿ ಒಬ್ಬೊಬ್ಬನನ್ನು ಆರಿಸಿದರು. ಐವತ್ತು ಹುಟ್ಟುಗಳ ಎರಡು ಹಡಗುಗಳಲ್ಲಿ ಅವರು ಹೊರಟರು. ಏನು ಮಾಡಬೇಕೆಂದು ತಿಳಿಯದೆ ಹಿಂದಿರುಗಿ ಬಂದರು. ಆಗ ಊರಿನವರು ದಡದಲ್ಲಿ ನಿಂತು ಅವರ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆದು, ಇಳಿಯಲು ಬಿಡದೆ ವಾಪಸು ಅಟ್ಟಿದರು. ಅವರು ಕೊನೆಗೆ ಲಿಬಿಯಾದಲ್ಲಿ ಕಟ್ಟಿದ ಸಿರೀನ್ ನಗರದ ಕಲ್ಲೊಂದರ ಮೇಲೆ ಈ ವಲಸೆಯ ಒಪ್ಪಂದವನ್ನು ಮುಂದೆ ಕೆತ್ತಲಾಯಿತು. ಹೋಗಲೊಲ್ಲದವನಿಗೆ ಮರಣದಂಡನೆ, ಆಸ್ತಿ ಮುಟ್ಟುಗೋಲು. ಐದು ವರ್ಷ ಪಾಡುಪಟ್ಟೂ ಊರು ನಿಲ್ಲದಿದ್ದರೆ ಮರಳಬಹುದು. ಗಂಡಸರು, ಹೆಂಗಸರು, ಹುಡುಗರು, ಹುಡುಗಿಯರು ಎಲ್ಲ ಸೇರಿ ಮೇಣದ ಬೊಂಬೆಗಳನ್ನು ಸುಟ್ಟು, ಮಾತು ಮುರಿದವರು ಹೀಗೆಯೇ ಕರಗಿಹೋಗಲಿ ಎಂದು ಶಪಥ ಮಾಡಿದರಂತೆ. ಹೀಗೆ ಹುಟ್ಟಿದ ಊರು ಸಿರೀನ್, ಕ್ರಿ.ಪೂ. 631ರ ಸುಮಾರಿಗೆ. ಮುಂದೆ ಅದು ಕಾಳು ಮತ್ತು ಕುದುರೆಗಳಿಗೆ ಹೆಸರಾಯಿತು. ನೆಲ ಹಂಚುತ್ತೇವೆ ಎಂದು ಕರೆದು ಇನ್ನಷ್ಟು ಗ್ರೀಕರನ್ನು ತುಂಬಿಕೊಂಡಾಗ, ಆ ನೆಲ ಕಳೆದುಕೊಂಡ ಲಿಬಿಯಾದವರು ಈಜಿಪ್ಟಿನ ದೊರೆಯ ಮೊರೆಹೊಕ್ಕರು. ಅವನ ಸೈನ್ಯವೂ ಸೋತಿತು. ಥೇರಾದ ಹಸಿವು ಹೀಗೆ ಇನ್ನೊಬ್ಬರ ಹೊಲದ ಮೇಲೆ ಬಂದು ಕುಳಿತಿತು.

ಇದೇ ಕಥೆಯ ಅಂಚಿನಲ್ಲಿ ಸಾಮೋಸ್ ದ್ವೀಪದ ಒಂದು ವ್ಯಾಪಾರಿ ಹಡಗು ಬರುತ್ತದೆ. ಕೋಲಿಯಸ್ ಎಂಬವನದು, ಈಜಿಪ್ಟಿಗೆ ಹೊರಟಿತ್ತು. ಗಾಳಿ ಅದನ್ನು ಲಿಬಿಯಾದ ಬಳಿಯ ದ್ವೀಪಕ್ಕೆ ತಂದಿತು. ಅಲ್ಲಿ ಥೇರಾದವರು ಬಿಟ್ಟುಹೋಗಿದ್ದ ಒಬ್ಬ ಮನುಷ್ಯ ಆಹಾರವಿಲ್ಲದೆ ಕುಳಿತಿದ್ದ. ಅವನಿಗೆ ಒಂದು ವರ್ಷಕ್ಕಾಗುವಷ್ಟು ಆಹಾರ ಕೊಟ್ಟು ಸಾಮೋಸಿನವರು ಮುಂದೆ ಹೊರಟರು. ಪೂರ್ವದ ಗಾಳಿ ಬಿಡದೆ ಬೀಸಿ ಅವರನ್ನು ಜಿಬ್ರಾಲ್ಟರಿನ ಆಚೆ, ಸ್ಪೇನಿನ ಟಾರ್ಟೆಸಸ್ ಎಂಬಲ್ಲಿಗೆ ಮುಟ್ಟಿಸಿತು. ಅಲ್ಲಿಂದ ತಂದ ಸರಕಿನ ಲಾಭದ ಹತ್ತನೇ ಒಂದು ಪಾಲು, 6 ಟ್ಯಾಲೆಂಟ್ (ಗ್ರೀಕರ ಹಣದ ದೊಡ್ಡ ಅಳತೆ), ಹೀರಾ ದೇವಿಯ ಗುಡಿಗೆ ಕಂಚಿನ ಪಾತ್ರೆಯಾಗಿ ಹೋಯಿತು. ಇವರಿಗಿಂತ ಹೆಚ್ಚು ಗಳಿಸಿದವನು ಒಬ್ಬನೇ, ಐಜೀನಾ ದ್ವೀಪದ ಸೋಸ್ಟ್ರಾಟಸ್ ಎನ್ನುತ್ತಾನೆ ಹೆರೊಡೋಟಸ್. ಬಹುಕಾಲ ಆ ಹೆಸರು ಪುಸ್ತಕದಲ್ಲಷ್ಟೇ ಇತ್ತು. ಆಮೇಲೆ ಇಟಲಿಯ ಗ್ರಾವಿಸ್ಕಾ ಬಂದರಿನಲ್ಲಿ ಕಲ್ಲಿನ ಲಂಗರಿನ ತುಂಡೊಂದು ಸಿಕ್ಕಿತು. ನಾನು ಐಜೀನಾದ ಅಪೊಲೊನ ಸ್ವತ್ತು, ನನ್ನನ್ನು ಮಾಡಿಸಿದವನು ಸೋಸ್ಟ್ರಾಟಸ್ ಎಂದು ಅದರ ಮೇಲೆ ಬರೆದಿದೆ. ಅದೇ ಮನುಷ್ಯನೋ ಅದೇ ಮನೆತನದವನೋ, ವ್ಯಾಪಾರಿಯೊಬ್ಬ ದೇವರಿಗೆ ಲಂಗರನ್ನು ಕೊಟ್ಟ ಎಂಬುದರಲ್ಲೇ ಅವನ ಬದುಕಿನ ಭಯವೆಲ್ಲ ಕಾಣುತ್ತದೆ.

ಗೆದ್ದವರ ಕಥೆಗಳು ಇವು. ಸೋತವನೊಬ್ಬನ ಪತ್ರವೂ ಉಳಿದಿದೆ. ಕಪ್ಪು ಸಮುದ್ರದ ಉತ್ತರದಲ್ಲಿ, ಇಂದಿನ ಉಕ್ರೇನಿನ ಬೆರೆಜಾನ್ ದ್ವೀಪದಲ್ಲಿ ಸುರುಳಿ ಸುತ್ತಿದ ಸೀಸದ ತಗಡು ದೊರೆಯಿತು, ಕ್ರಿ.ಪೂ. 500ರ ಸುಮಾರಿನದು. ಅಕಿಲೊಡೋರಸ್ ಎಂಬ ವ್ಯಾಪಾರಿ ತನ್ನ ಮಗ ಪ್ರೊಟಾಗೊರಸನಿಗೆ ಬರೆಯುತ್ತಿದ್ದಾನೆ. ಮಟಾಸಿಸ್ ಎಂಬವನು ತನ್ನ ಸರಕು ಕಿತ್ತುಕೊಂಡು, ತನ್ನನ್ನು ಗುಲಾಮನೆಂದು ಹಿಡಿಯಲು ನೋಡುತ್ತಿದ್ದಾನೆ. ತನಗೂ ಅವನಿಗೂ ಯಾವ ವ್ಯವಹಾರವೂ ಇಲ್ಲ, ತಾನು ಸ್ವತಂತ್ರ. ಕೂಡಲೇ ಅನಕ್ಸಾಗೊರಸ್ ಎಂಬವನಿಗೆ ತಿಳಿಸು. ತಾಯಿಯನ್ನೂ ತಮ್ಮಂದಿರನ್ನೂ ಊರಿಗೆ ಕರೆದುಕೊಂಡು ಹೋಗು. ಯಾರದೋ ಸಾಲ, ಯಾರದೋ ಜಗಳ, ನಡುವೆ ಸಿಕ್ಕ ಮನುಷ್ಯನೇ ಸರಕಾಗಿಬಿಡುವ ಗಂಡಾಂತರ. ತಾನು ಸಾಗಿಸುತ್ತಿದ್ದ ಸರಕಿನ ನಡುವೆ ತಾನೂ ಒಂದು ಸರಕಾಗಿ ಹೋಗಬಹುದು ಎಂಬ ಲೋಕದಲ್ಲಿ ಆ ತಂದೆ ದುಡಿಯುತ್ತಿದ್ದ. ಅವನಿಗೆ ಬರೆಯಲು ಬರುತ್ತಿತ್ತು ಎಂಬುದೂ ಅದೇ ವ್ಯಾಪಾರದ ಕೊಡುಗೆ.

ಇನ್ನು ನೆಲ, ನೀರು ಎರಡೇ ಎಲ್ಲವನ್ನೂ ನಿರ್ಧರಿಸಿದವು ಎಂಬ ವಾದಕ್ಕೆ ಬರುತ್ತೇನೆ. ನಾನು ಅದನ್ನು ಒಪ್ಪುವುದಿಲ್ಲ, ಯಾಕೆಂದರೆ ಸ್ಪಾರ್ಟಾ ಇದೆ. ಅದೇ ಬೆಟ್ಟಗಳು, ಅದೇ ಕಡಲು, ಬಂದರೂ ದೂರವಿರಲಿಲ್ಲ. ನೆಲ ಸಾಲದಾದಾಗ ಸ್ಪಾರ್ಟಾದವರು ಬೆಟ್ಟ ದಾಟಿ ಮೆಸ್ಸೀನಿಯಾವನ್ನು ಗೆದ್ದರು, ಅಲ್ಲಿಯ ಜನರನ್ನು ತಮ್ಮ ಹೊಲದಲ್ಲಿ ದುಡಿಯುವ ಹೆಲಟ್‌ಗಳನ್ನಾಗಿ ಮಾಡಿಕೊಂಡರು, ಅವರು ದಂಗೆಯೇಳದಂತೆ ಕಾಯುವುದಕ್ಕಾಗಿಯೇ ತಮ್ಮ ಇಡೀ ಬದುಕನ್ನು ಸೈನ್ಯದ ಪಾಳೆಯವಾಗಿ ಕಟ್ಟಿಕೊಂಡರು. ಅವರು ಕಡಲಾಚೆ ಕಟ್ಟಿದ ಹೇಳಿಕೊಳ್ಳುವಂಥ ಊರು ಇಟಲಿಯ ಟಾರಸ್ ಒಂದೇ. ಇನ್ನೊಂದು ಕಡೆ ಫಿನೀಷಿಯನ್ನರನ್ನು ನೋಡಿ: ಟೈರ್, ಸೈಡನ್, ಕಾರ್ಥೇಜ್. ಗ್ರೀಕರಿಗಿಂತ ಮೊದಲೇ ಅದೇ ಕಡಲನ್ನು ಆಳಿದವರು, ಅವರದೂ ನಗರರಾಜ್ಯಗಳೇ. ಅವರು ಬರೆದ ಪಪೈರಸ್ ಕೊಳೆತುಹೋಗಿದ್ದರಿಂದ ಅವರ ಮನಸ್ಸು ನಮಗೆ ಕಾಣದಾಗಿದೆ. ಒಂದೇ ಕೊರತೆಗೆ ಬೇರೆಬೇರೆ ಜನ ಬೇರೆಬೇರೆ ಉತ್ತರ ಕಂಡುಕೊಂಡರು. ಬೆಟ್ಟ ಮತ್ತು ಮಳೆ ಪ್ರಶ್ನೆಯನ್ನಷ್ಟೇ ಕೇಳಿದವು.

ಕಡಲಿನ ದಾರಿ ಹಿಡಿದವರಿಗೆ ಸರಕಿನ ಜೊತೆ ಇನ್ನೇನೋ ಸಿಕ್ಕಿತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಏಷ್ಯಾ ಮೈನರಿನ ತೀರದ ಮಿಲೆಟಸ್ ನಗರವನ್ನು ನೋಡಿ. ನಾಲ್ಕು ಬಂದರುಗಳಿದ್ದ ಊರು. ಬೆನ್ನಿಗೆ ಲಿಡಿಯಾ ರಾಜ್ಯ, ಅದರಾಚೆ ಬ್ಯಾಬಿಲಾನ್. ಈಜಿಪ್ಟಿನ ನೌಕ್ರಾಟಿಸ್‌ನಲ್ಲಿ ಅವರದೊಂದು ದೇಗುಲ. ಕಪ್ಪು ಸಮುದ್ರದ ಸುತ್ತ ಸಿನೋಪೆ, ಓಲ್ಬಿಯಾದಂಥ ಅವರ ವಸಾಹತುಗಳು. ಇದೇ ಊರಿನಲ್ಲಿ ಕ್ರಿ.ಪೂ. ಆರನೇ ಶತಮಾನದಲ್ಲಿ ತತ್ತ್ವಜ್ಞಾನಿ ಥೇಲಿಸ್, ಅವನ ನಂತರ ಅನಾಕ್ಸಿಮಾಂಡರ್. ಭೂಮಿ ಯಾವುದರ ಆಸರೆಯೂ ಇಲ್ಲದೆ ನಡುವೆ ನಿಂತಿದೆ ಎಂದು ಹೇಳಿದ, ಲೋಕದ ಭೂಪಟ ಬರೆದ ಮೊದಲ ಗ್ರೀಕ ಅವನೇ. ಆ ಪಟವನ್ನು ತಿದ್ದಿದ ಹೆಕಟಿಯಸ್ ಕೂಡ ಅದೇ ಊರಿನವನು. ಗ್ರೀಕರ ಕಥೆಗಳು ಹಲವು ಮತ್ತು ಹಾಸ್ಯಾಸ್ಪದ, ನನಗೆ ನಿಜವೆನಿಸಿದ್ದನ್ನು ಬರೆಯುತ್ತೇನೆ ಎಂದು ಧೈರ್ಯವಾಗಿ ಶುರುಮಾಡಿದವನು. ಪಕ್ಕದ ಕೊಲೊಫಾನಿನ ಕ್ಸೆನೊಫೇನಿಸ್ ಊರು ಬಿಟ್ಟು ಜೀವಮಾನವೆಲ್ಲ ಸಿಸಿಲಿ, ಇಟಲಿಯಲ್ಲಿ ಅಲೆದ. ಇಥಿಯೋಪಿಯಾದವರ ದೇವರಿಗೆ ಚಪ್ಪಟೆ ಮೂಗು, ಕಪ್ಪು ಬಣ್ಣ. ಥ್ರೇಸಿನವರ ದೇವರಿಗೆ ನೀಲಿ ಕಣ್ಣು, ಕೆಂಪು ಕೂದಲು ಎಂದು ಅವನು ಗಮನಿಸಿದ. ಎತ್ತುಗಳಿಗೆ, ಕುದುರೆಗಳಿಗೆ ಕೈ ಇದ್ದಿದ್ದರೆ ಅವೂ ತಮ್ಮಂತೆಯೇ ದೇವರ ಚಿತ್ರ ಬರೆಯುತ್ತಿದ್ದವು ಎಂದ. ತನ್ನ ಹಳ್ಳಿ ಬಿಟ್ಟು ಕದಲದವನಿಗೆ ಈ ಯೋಚನೆ ಬರುವುದು ಕಷ್ಟ. ಹತ್ತು ಬಂದರುಗಳಲ್ಲಿ ಹತ್ತು ದೇವರಿಗೆ ಕೈಮುಗಿಯುವ ಜನರನ್ನು ಕಂಡವನಿಗೆ, ಇವರಲ್ಲಿ ಸರಿ ಯಾರು ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಮುಂದಿನ ಶತಮಾನಗಳಲ್ಲಿ ಗ್ರೀಕ್ ಮಾತಾಡುವ ನಾವಿಕರು ಮಾನ್ಸೂನ್ ಗಾಳಿ ಹಿಡಿದು ನಮ್ಮ ತೀರಕ್ಕೂ ಬಂದರು. ಗ್ರೀಕ್ ಭೂಗೋಳಜ್ಞ ಟಾಲೆಮಿ ಬರೆದ ಭೂಗೋಳ ಗ್ರಂಥದಲ್ಲಿ ಬನವಾಸಿಯ ಹೆಸರಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ, ಕ್ರಿ.ಶ. 2ನೇ ಶತಮಾನದ ಪ್ರಹಸನದ ಹಸ್ತಪ್ರತಿಯಲ್ಲಿ ಭಾರತದ ತೀರದ ಜನ ಆಡುವ ಮಾತುಗಳು ಕನ್ನಡವೇ ಎಂಬ ಚರ್ಚೆ ನೂರು ವರ್ಷಕ್ಕೂ ಮೀರಿ ನಡೆದಿದೆ. ಗೋವಿಂದ ಪೈಗಳಂಥವರೂ ಅದರಲ್ಲಿ ಭಾಗಿಗಳಾಗಿದ್ದರು. ನಾನು ಆ ವಾದದಲ್ಲಿ ಯಾವ ಪಕ್ಷವನ್ನೂ ಹಿಡಿಯಲಾರೆ. ನೈಲ್ ನದಿಯ ಕಡೆಯ ಪಟ್ಟಣವೊಂದರಲ್ಲಿ ನಮ್ಮ ಕಡೆಯ ತೀರವನ್ನು ರಂಗದ ಮೇಲೆ ತರಬೇಕೆಂದು ಯಾರಿಗೋ ಅನ್ನಿಸಿತ್ತಲ್ಲ, ಅಷ್ಟೇ ನನಗೆ ರೋಮಾಂಚನ ತರುತ್ತದೆ.

ಮತ್ತೆ ಗ್ರೀಸಿಗೆ ಮರಳಿ, ಕೊರಿಂತ್ ನಗರದ ಬಗ್ಗೆ ಎರಡು ಮಾತು. ದಕ್ಷಿಣದ ಮಲಿಯಾ ಭೂಶಿರವನ್ನು ಸುತ್ತುವವನು ಮನೆಯನ್ನು ಮರೆಯಲಿ ಎಂಬ ಗಾದೆ ಗ್ರೀಕರಲ್ಲಿತ್ತು. ಹೋಮರನ ಕಾವ್ಯದ ನಾಯಕ ಒಡಿಸ್ಯೂಸ್ ದಾರಿ ತಪ್ಪಿದ್ದೂ ಅಲ್ಲೇ. ಎರಡು ಕಡಲುಗಳ ನಡುವೆ 6 ಕಿಲೋಮೀಟರಿನಷ್ಟು ಕಿರಿದಾದ ಭೂಸಂಧಿಯ ಮೇಲೆ ಕುಳಿತಿದ್ದ ಕೊರಿಂತ್, ಕ್ರಿ.ಪೂ. 600ರ ಸುಮಾರಿಗೆ ಕಲ್ಲು ಹಾಸಿದ ದಾರಿ ಕಟ್ಟಿ ಹಡಗು, ಸರಕುಗಳನ್ನು ನೆಲದ ಮೇಲೆಯೇ ಎಳೆಸಿತು. ಅಲ್ಲಿ ಕಾಲುವೆ ತೋಡುವ ಕೆಲಸ ಮುಗಿದದ್ದು 1893ರಲ್ಲಿ.

ಅಥೆನ್ಸಿಗೆ ಬಂದರೆ ಕೊರತೆಯ ಲೆಕ್ಕ ತೀರಾ ಸ್ಪಷ್ಟ. ಕ್ರಿ.ಪೂ. 594ರಲ್ಲಿ ಅಧಿಕಾರಕ್ಕೆ ಬಂದ ಸೋಲಾನ್ ಆಲಿವ್ ಎಣ್ಣೆಯ ಹೊರತು ನೆಲದ ಬೇರೆ ಯಾವ ಬೆಳೆಯನ್ನೂ ಹೊರಗೆ ಮಾರಕೂಡದೆಂದು ಕಟ್ಟು ಮಾಡಿದ. ಕಾಳು ಕಪ್ಪು ಸಮುದ್ರದಿಂದ ಬರತೊಡಗಿತು, ಮರ ಮ್ಯಾಸಿಡೋನಿಯಾದಿಂದ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಕ್ಸರ್ಕ್ಸಿಸ್ ಹೆಲಸ್ಪಾಂಟ್ ಜಲಸಂಧಿಯ ದಡದಲ್ಲಿದ್ದಾಗ ಕಾಳು ತುಂಬಿದ ಹಡಗುಗಳು ಎದುರಿಗೇ ಹಾದುಹೋದವಂತೆ. ಶತ್ರುವಿನ ಹಡಗು, ಹಿಡಿಯೋಣವೇ ಎಂದು ಜೊತೆಯವರು ಕೇಳಿದರು. ನಾವೂ ಅಲ್ಲಿಗೇ ಹೊರಟಿದ್ದೇವಲ್ಲ, ನಮಗಾಗಿಯೇ ಕಾಳು ಒಯ್ಯುತ್ತಿದ್ದಾರೆ, ಹೋಗಲಿ ಎಂದ ದೊರೆ. ಹೆರೊಡೋಟಸ್ ಹೇಳುವ ಈ ಪ್ರಸಂಗದಲ್ಲಿ ಆ ಹಡಗುಗಳು ಐಜೀನಾ ಮತ್ತು ಪೆಲೊಪೊನೀಸಿಗೆ ಹೊರಟಿದ್ದವು. ಗ್ರೀಸಿನ ಕುತ್ತಿಗೆ ಎಲ್ಲಿದೆ ಎಂದು ಕಣ್ಣೆದುರಿಗೇ ಕಂಡೂ ಅವನು ಕೈಹಾಕಲಿಲ್ಲ.

ಅದಕ್ಕೆ ಮೂರು ವರ್ಷ ಮೊದಲು ಅಥೆನ್ಸಿನ ಲಾರಿಯನ್ ಗಣಿಗಳಲ್ಲಿ ಬೆಳ್ಳಿಯ ದೊಡ್ಡ ಪದರ ಸಿಕ್ಕಿತ್ತು. ತಲೆಗೆ 10 ಡ್ರಾಕ್ಮಾ ಬೆಳ್ಳಿ ನಾಣ್ಯದಂತೆ ಹಂಚಿಕೊಳ್ಳೋಣ ಎಂದಿದ್ದ ಜನರನ್ನು ನಗರದ ಮುಖಂಡ ಥೆಮಿಸ್ಟೊಕ್ಲಿಸ್ ಒಪ್ಪಿಸಿ ಯುದ್ಧದ ಹಡಗುಗಳನ್ನು ಕಟ್ಟಿಸಿದ. ಸಲಾಮಿಸ್‌ನ ಕಡಲ ಕಾಳಗದಲ್ಲಿ ಕ್ಸರ್ಕ್ಸಿಸನನ್ನು ಸೋಲಿಸಿದ್ದು ಆ ಹಡಗುಗಳು. ಬಿ.ಎಂ.ಶ್ರೀ. ‘ಪಾರಸಿಕರು’ ಎಂದು ಕನ್ನಡಕ್ಕೆ ತಂದ ಈಸ್ಕಿಲಸನ ನಾಟಕದಲ್ಲಿ ಪರ್ಷಿಯಾದ ರಾಜಮಾತೆ, ಅಥೆನ್ಸಿನವರ ಸಂಪತ್ತು ಏನು ಎಂದು ಕೇಳುತ್ತಾಳೆ. ನೆಲದೊಳಗಿನ ಬೆಳ್ಳಿಯ ಊಟೆ ಎಂದು ಮೇಳ ಉತ್ತರಿಸುತ್ತದೆ. ಅವರ ಒಡೆಯ ಯಾರು ಎಂದರೆ, ಅವರು ಯಾರ ಗುಲಾಮರೂ ಅಲ್ಲ ಎನ್ನುತ್ತದೆ. ಈ ಎರಡು ಉತ್ತರಗಳನ್ನು ಒಟ್ಟಿಗೆ ಓದುವಾಗ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಆ ಬೆಳ್ಳಿಯನ್ನು ಅಗೆದವರು ಗುಲಾಮರು. ಮುಂದೆ ನಿಕಿಯಸ್ ಎಂಬ ಸೇನಾಪತಿ ತನ್ನ 1,000 ಗುಲಾಮರನ್ನು ಅದೇ ಗಣಿಗಳಿಗೆ ತಲೆಗೆ ದಿನಕ್ಕೊಂದು ಓಬಲ್ ಎಂಬ ಸಣ್ಣ ನಾಣ್ಯದಂತೆ ಬಾಡಿಗೆಗೆ ಬಿಟ್ಟಿದ್ದ.

ಆದರೂ ಆ ಹಡಗುಗಳು ಅಥೆನ್ಸಿನ ಒಳಗನ್ನು ಬದಲಿಸಿದವು. ಒಂದೊಂದು ಹಡಗಿಗೂ 170 ಹುಟ್ಟುಗಾರರು ಬೇಕು. ಕುದುರೆ, ಕವಚ ಕೊಳ್ಳಲಾಗದ ಬಡ ನಾಗರಿಕನಿಗೂ ಹುಟ್ಟು ಹಿಡಿಯಲು ತೋಳುಗಳಿದ್ದವು. ಪ್ರಜಾಪ್ರಭುತ್ವವನ್ನು ಕಂಡರಾಗದ ಅನಾಮಿಕ ಅಥೆನ್ಸಿಗನೊಬ್ಬ ಕೂಡ, ಹಡಗು ನಡೆಸುವವರೇ ನಗರಕ್ಕೆ ಬಲ ತಂದುಕೊಟ್ಟವರಾದ್ದರಿಂದ ಅಲ್ಲಿ ಬಡವರಿಗೆ ಹೆಚ್ಚು ಅಧಿಕಾರ ಇರುವುದು ನ್ಯಾಯವೇ ಎಂದು ಬರೆದಿಟ್ಟಿದ್ದಾನೆ.

ಕ್ಸರ್ಕ್ಸಿಸ್ ಬಿಟ್ಟ ಕುತ್ತಿಗೆಯನ್ನು, ಮುಂದೆ ಅಥೆನ್ಸಿನೊಡನೆ ಯುದ್ಧಕ್ಕಿಳಿದ ಸ್ಪಾರ್ಟಾದ ಸೇನಾಪತಿ ಲೈಸಾಂಡರ್ ಬಿಡಲಿಲ್ಲ. ಕಡಲನ್ನು ಬೇಡವೆಂದಿದ್ದ ಸ್ಪಾರ್ಟಾ ಆ ಹೊತ್ತಿಗೆ ಪರ್ಷಿಯಾದ ಹಣದಿಂದ ನೌಕಾಪಡೆ ಕಟ್ಟಿಕೊಂಡಿತ್ತು. ಕ್ರಿ.ಪೂ. 405ರಲ್ಲಿ ಅದೇ ಹೆಲಸ್ಪಾಂಟಿನ ಈಗೋಸ್ಪಾಟಮಿಯಲ್ಲಿ, ದಡಕ್ಕೆ ಎಳೆದಿಟ್ಟಿದ್ದ ಅಥೆನ್ಸಿನ ಹಡಗುಗಳನ್ನು ಅವನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಡಿದ. ಕಾಳಿನ ದಾರಿ ಮುಚ್ಚಿತು. ಅಥೆನ್ಸ್ ಚಳಿಗಾಲವೆಲ್ಲ ಹಸಿದು, 404ರಲ್ಲಿ ಶರಣಾಯಿತು. ಗೆದ್ದವರ ಷರತ್ತುಗಳಲ್ಲಿ ಎರಡು ಮುಖ್ಯವಾಗಿದ್ದವು: ನಗರವನ್ನು ಪಿರೇಯಸ್ ಬಂದರಿಗೆ ಜೋಡಿಸುವ ಉದ್ದನೆಯ ಗೋಡೆಗಳನ್ನು ಕೆಡವಬೇಕು, ಹನ್ನೆರಡನ್ನು ಬಿಟ್ಟು ಉಳಿದ ಹಡಗುಗಳನ್ನೆಲ್ಲ ಒಪ್ಪಿಸಬೇಕು.